ಮನೆ ತೆರಿಗೆ ಜಾಸ್ತಿ ಬಂದಿದೆಯಾ? ಮೊದಲು ಟೇಪು ಹಿಡಿದು ಮನೆ ಅಳೆಯಿರಿ

"ಮೊದಲ ಸಲ ಸ್ವಂತ ಮನೆ ಕೊಂಡಿದ್ದೇನೆ. ಈಗ ಆಸ್ತಿ ತೆರಿಗೆಯ ನೋಟಿಸ್ ಬಂದಿದೆ. ಹಿಂದಿನ ಮಾಲೀಕರು ಕಟ್ಟುತ್ತಿದ್ದದ್ದಕ್ಕಿಂತ ತುಂಬಾ ಜಾಸ್ತಿ ಇದೆ. ಇದನ್ನು ಹೇಗೆ ಲೆಕ್ಕ ಹಾಕುತ್ತಾರೆ? ತಕರಾರು ಇತ್ಯರ್ಥ ಆಗುವವರೆಗೆ ಕಟ್ಟದೆ ಇರಬಹುದಾ?" ಅಂತ ಕೇಳಿದ್ದೀರಿ.

ಎರಡನೇ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಅದರಲ್ಲಿ ತಡವಾದರೆ ಕೈಯಿಂದ ದುಡ್ಡು ಹೋಗುತ್ತದೆ. ಕಟ್ಟಿಬಿಡಿ. ತಕರಾರು ಹಾಕಿದ ಮಾತ್ರಕ್ಕೆ ಕಡೆಯ ದಿನಾಂಕ ಮುಂದೆ ಹೋಗುವುದಿಲ್ಲ, ಹೆಚ್ಚಿನ ಕಡೆ ಇದೇ ನಿಯಮ. ಬಡ್ಡಿ, ದಂಡ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಪೂರ್ತಿ ಕಟ್ಟಿ, ರಸೀದಿ ಇಟ್ಟುಕೊಂಡು, "ಈ ಲೆಕ್ಕಕ್ಕೆ ನನ್ನ ಒಪ್ಪಿಗೆ ಇಲ್ಲ" ಅಂತ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಗೆದ್ದರೆ ಹೆಚ್ಚು ಕಟ್ಟಿದ್ದು ವಾಪಸ್ ಬರುತ್ತದೆ, ಇಲ್ಲವೇ ಮುಂದಿನ ವರ್ಷಕ್ಕೆ ಜಮೆಯಾಗುತ್ತದೆ. ಕಂತಿನಲ್ಲಿ ಕಟ್ಟುವ ಅವಕಾಶ, ಬೇಗ ಕಟ್ಟಿದರೆ ರಿಯಾಯಿತಿ ಇದ್ದರೆ ಅದು ನೋಟಿಸಿನ ಹಿಂಬದಿಯಲ್ಲೋ ಅಡಿಯಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನೂ ಓದಿ.

ಈಗ ಲೆಕ್ಕಕ್ಕೆ ಬರೋಣ. ನೋಟಿಸಿನಲ್ಲಿ ಎಷ್ಟೇ ಸಾಲುಗಳಿರಲಿ, ಒಳಗಿರುವುದು ಎರಡೇ ಸಂಖ್ಯೆ. ಒಂದು ನಿಮ್ಮ ಮನೆಗೆ ತೆರಿಗೆ ಕಚೇರಿ ನಿಗದಿ ಮಾಡಿದ ಮೌಲ್ಯ, ಇನ್ನೊಂದು ತೆರಿಗೆಯ ದರ. ಎರಡನ್ನೂ ಗುಣಿಸಿ, ರಿಯಾಯಿತಿ ಇದ್ದರೆ ಕಳೆದು, ಕಸ, ಚರಂಡಿ, ಬೀದಿದೀಪದ ಬಾಬತ್ತು ಸೇರಿಸುತ್ತಾರೆ. ಮೌಲ್ಯ ಕಟ್ಟುವುದಕ್ಕೆ ಮುಖ್ಯವಾಗಿ ಮೂರು ದಾರಿ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಅನ್ನುವುದು ಒಂದು. ಮಾರಿದರೆ ಎಷ್ಟು ಬರಬಹುದು ಅನ್ನುವುದು ಇನ್ನೊಂದು. ಮೂರನೆಯದರಲ್ಲಿ ಮನೆ ಇರುವ ವಲಯ, ಕಟ್ಟಡದ ಬಗೆ ನೋಡಿ ಒಂದು ಚದರಡಿಗೆ ಇಷ್ಟು ಅಂತ ನಿಗದಿ ಮಾಡಿ ವಿಸ್ತೀರ್ಣದಿಂದ ಗುಣಿಸುತ್ತಾರೆ. ನಿಮ್ಮಲ್ಲಿ ಯಾವುದು ನಡೆಯುತ್ತದೆ ಅಂತ ತಿಳಿಯದೆ ತಕರಾರು ಬರೆಯಲು ಕೂರಬೇಡಿ. ಬಾಡಿಗೆ ಲೆಕ್ಕದ ಕಡೆ ಮಾರಾಟದ ಬೆಲೆ ಹಿಡಿದು ವಾದ ಮಾಡಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಮೌಲ್ಯ ಎರಡು ಪಟ್ಟಾದರೆ ತೆರಿಗೆಯೂ ಎರಡು ಪಟ್ಟಾಗಬೇಕು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಹತ್ತೇ ಮನೆಗಳ ಒಂದು ಊರು ಅಂತ ಇಟ್ಟುಕೊಳ್ಳಿ. ಒಂದೊಂದರ ಮೌಲ್ಯ 100. ಊರಿನ ಖರ್ಚಿಗೆ 20 ಬೇಕು. ಒಟ್ಟು ಮೌಲ್ಯ 1000, ಹಾಗಾಗಿ ದರ ನೂರಕ್ಕೆ 2. ಪ್ರತಿ ಮನೆಗೂ 2 ಬರುತ್ತದೆ. ಮುಂದಿನ ಸಲ ಎಲ್ಲ ಮನೆಗಳ ಮೌಲ್ಯವೂ 200 ಆಯಿತು, ಖರ್ಚು ಮಾತ್ರ ಅಷ್ಟೇ ಇದೆ. ಆಗ ದರ ನೂರಕ್ಕೆ 1ಕ್ಕೆ ಇಳಿಯುತ್ತದೆ, ನೀವು ಕಟ್ಟುವುದು ಅದೇ 2. ಆದರೆ ಉಳಿದ ಒಂಬತ್ತು ಮನೆಗೆ 200 ಹಾಕಿ, ನಿಮ್ಮದಕ್ಕೆ ಮಾತ್ರ 300 ಹಾಕಿದರು ಅನ್ನಿ. ಈಗ ನಿಮ್ಮ ಪಾಲು ಸುಮಾರು 2.86, ಬೇರೆಯವರದು 1.90. ಅವರ ಹೊರೆ ಸ್ವಲ್ಪ ನಿಮ್ಮ ಹೆಗಲಿಗೆ ಬಂತು ಅಲ್ವಾ? ಹೀಗೆ ಖರ್ಚು ನೋಡಿ ದರ ಇಳಿಸುವ ಪದ್ಧತಿ ಎಲ್ಲ ಕಡೆ ಇಲ್ಲ. ದರವನ್ನು ಕಾನೂನಿನಲ್ಲೇ ಗಟ್ಟಿ ಮಾಡಿರುವ ಕಡೆ ಮೌಲ್ಯ ಏರಿದರೆ ತೆರಿಗೆ ನೇರವಾಗಿ ಏರುತ್ತದೆ. ಎರಡರಲ್ಲಿ ಯಾವುದೇ ಆಗಲಿ, ನಿಮ್ಮ ಸಂಖ್ಯೆಯನ್ನು ಪಕ್ಕದ ಮನೆಯ ಸಂಖ್ಯೆಯ ಜೊತೆ ಇಟ್ಟು ನೋಡಬೇಕು.

ಮಾರುಕಟ್ಟೆ ಬೆಲೆಗೂ ನೋಟಿಸಿನ ಮೌಲ್ಯಕ್ಕೂ ತಾಳೆ ಆಗದಿದ್ದರೆ ಅದೇ ತಪ್ಪು ಅಂತ ಹಾರಬೇಡಿ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸಿಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ ಮನೆ ತೆರಿಗೆಗೆ, ಮನೆಗಳನ್ನು ದರ್ಜೆಗಳಾಗಿ ವಿಂಗಡಿಸಿರುವುದು ಇವತ್ತಿಗೂ 1991ರ ಬೆಲೆಯ ಮೇಲೆ. ಆಮೇಲೆ ಕಟ್ಟಿದ ಮನೆಗೂ "ಇದು 1991ರಲ್ಲಿ ಇದ್ದಿದ್ದರೆ ಎಷ್ಟು ಬಾಳುತ್ತಿತ್ತು" ಅಂತ ಲೆಕ್ಕ ಹಾಕುತ್ತಾರೆ. ಜರ್ಮನಿಯದು ಇನ್ನೂ ಹಳೆಯ ಕಥೆ. ಪಶ್ಚಿಮ ಭಾಗಕ್ಕೆ 1964ರ ಮೌಲ್ಯ, ಪೂರ್ವ ಭಾಗಕ್ಕೆ 1935ರ ಮೌಲ್ಯ ಹಿಡಿದುಕೊಂಡೇ ತೆರಿಗೆ ನಡೆಸಿದ್ದರು. ಇದು ಸಮಾನತೆಗೆ ವಿರುದ್ಧ ಅಂತ 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿತು. ಹೊಸ ಪದ್ಧತಿ ಬಂದದ್ದು 2025ಕ್ಕೆ.

ಹಿಂದಿನ ಮಾಲೀಕರಿಗೆ ಯಾಕೆ ಕಡಿಮೆ ಇತ್ತು? ಎರಡು ಸಾಧ್ಯತೆ ನೋಡಿ. ಮಾರಾಟ ಆದಾಗ ಮೌಲ್ಯವನ್ನು ಹೊಸದಾಗಿ ಕಟ್ಟುವ ಪದ್ಧತಿ ಕೆಲವು ಕಡೆ ಇದೆ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನ ಮತ ಹಾಕಿ ತಂದ ನಿಯಮದ ಪ್ರಕಾರ, ಒಬ್ಬರ ಕೈಯಲ್ಲೇ ಇರುವಷ್ಟು ದಿನ ತೆರಿಗೆಯ ಮೌಲ್ಯ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಕೈ ಬದಲಾದರೆ ಹೊಸ ಬೆಲೆಗೆ ಹಾರುತ್ತದೆ. ಅದಕ್ಕೇ ಒಂದೇ ಬೀದಿಯ ಒಂದೇ ಥರದ ಎರಡು ಮನೆಗೆ ಎರಡು ತೆರಿಗೆ. ಇನ್ನೊಂದು, ಅವರಿಗೆ ವಯಸ್ಸಿನದೋ, ಸ್ವಂತ ವಾಸದ್ದೋ ರಿಯಾಯಿತಿ ಇದ್ದಿರಬಹುದು. ಅದು ಅವರ ಜೊತೆಗೇ ಹೋಯಿತು. ಸ್ವಂತ ವಾಸದ ರಿಯಾಯಿತಿ ನಿಮಗೂ ಸಿಗಬಹುದು, ಆದರೆ ಸಾಮಾನ್ಯವಾಗಿ ಅರ್ಜಿ ಹಾಕದೆ ತಾನಾಗಿ ಬರುವುದಿಲ್ಲ. ಇದನ್ನು ಕೇಳದೆ ವರ್ಷಗಟ್ಟಲೆ ಪೂರ್ತಿ ಕಟ್ಟಿದವರನ್ನು ನಾನು ನೋಡಿದ್ದೇನೆ.

ನನ್ನ ಕಥೆ ಬೇರೆ. ನನಗೆ ಜಾಸ್ತಿ ಬಂದಾಗ ಮೊದಲು ಮಾಡಿದ್ದು ಜಗಳ. ಕೌಂಟರಿನಲ್ಲಿ ನಿಂತು "ಇಷ್ಟೊಂದು ಹೇಗೆ ಏರಿಸುತ್ತೀರಿ" ಅಂದೆ. ಆಚೆ ಕೂತವರು ತಲೆಯೆತ್ತದೆ "ದರ ನಾವು ಮಾಡಲ್ಲ" ಅಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನಿಜವೇ. ದರ ತೀರ್ಮಾನ ಆಗುವುದು ಬಜೆಟ್ ಸಭೆಯಲ್ಲಿ, ಚುನಾಯಿತರ ಮುಂದೆ. ಕೌಂಟರಿನಲ್ಲಿ ಕೇಳಬಹುದಾದದ್ದು ಒಂದೇ, "ನನ್ನ ಮನೆ ಅಂತ ನೀವು ಏನನ್ನು ಬರೆದುಕೊಂಡಿದ್ದೀರಿ, ತೋರಿಸಿ."

ಎರಡನೇ ಸಲ ಹೋದಾಗ ಅದನ್ನೇ ಕೇಳಿದೆ. ಒಂದು ಹಾಳೆ ತೆಗೆದು ಕೊಟ್ಟರು. ಪೆನ್ಸಿಲಿನ ನಕ್ಷೆ, ಪಕ್ಕದಲ್ಲಿ ಅಳತೆಗಳು. ನನ್ನ ಮನೆ ಅಂತ ಗುರುತು ಹಿಡಿಯಲು ಹಾಳೆಯನ್ನು ಒಂದು ಸುತ್ತು ತಿರುಗಿಸಬೇಕಾಯಿತು. ಮನೆಯ ಎಡಕ್ಕೆ ನಾನು ಕಾರು ನಿಲ್ಲಿಸುವ ಜಾಗ ಇದೆ. ನಾಲ್ಕು ಕಂಬ, ಮೇಲೊಂದು ಶೀಟು, ಗೋಡೆ ಇಲ್ಲ. ನಕ್ಷೆಯಲ್ಲಿ ಅದು ನಾಲ್ಕು ಗೋಡೆಯ ಕೋಣೆ! ಮನೆಗೆ ಬಂದು ಮಗನ ಕೈಗೆ ಟೇಪಿನ ಒಂದು ತುದಿ ಕೊಟ್ಟು ಹೊರಗೋಡೆಯನ್ನು ಸುತ್ತಲೂ ಅಳೆದೆ. ಅವನು ಮೂಲೆಯಲ್ಲಿ ಟೇಪು ಸಡಿಲ ಬಿಟ್ಟು ಎರಡು ಸಲ ಲೆಕ್ಕ ಕೆಡಿಸಿದ. ಮೂರನೇ ಸಲ ಸರಿ ಬಂತು. ಮುಖ್ಯ ಮನೆಯ ಅಳತೆಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಆ ಶೀಟಿನ ಜಾಗ ಒಂದೇ. ಯಾರೋ ಬೀದಿಯಲ್ಲಿ ನಿಂತು, ನಿಲ್ಲಿಸಿದ್ದ ಕಾರು ಅಡ್ಡ ಬಂದು, ಹಿಂದೆ ಗೋಡೆ ಇದೆ ಅಂತ ಬರೆದುಕೊಂಡಿರಬೇಕು.

ತೆರಿಗೆಯವರು ಬೀದಿಯಿಂದ ಕಾಣುವುದನ್ನು ಎಣಿಸುವುದು ಹೊಸದೇನಲ್ಲ ಬಿಡಿ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು. ಒಳಗೆ ಹೋಗದೆ ಎಣಿಸಬಹುದು ಅನ್ನುವುದೇ ಅದರ ಅನುಕೂಲ. ಜನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಕತ್ತಲೆಯಲ್ಲಿ ಕೂತರು.

ನಾನು ಅಳತೆಯ ಹಾಳೆ, ಕಾರು ತೆಗೆದು ಮೂರು ಕಡೆಯಿಂದ ತೆಗೆದ ಫೋಟೋ, ಒಂದು ಪುಟದ ಅರ್ಜಿ ಕೊಟ್ಟೆ. ಅರ್ಜಿಯಲ್ಲಿ "ತೆರಿಗೆ ಭಾರ ಆಗಿದೆ" ಅಂತ ಒಂದು ಕಡೆಯೂ ಬರೆಯಲಿಲ್ಲ. "ದಾಖಲೆಯಲ್ಲಿ ಕೋಣೆ ಅಂತ ಇದೆ, ಸ್ಥಳದಲ್ಲಿ ಗೋಡೆ ಇಲ್ಲ, ಬಂದು ನೋಡಿ" ಅಷ್ಟೇ. ಬಂದು ನೋಡಿದರು. ದಾಖಲೆ ತಿದ್ದಿದರು. ಹೆಚ್ಚು ಕಟ್ಟಿದ್ದು ಮುಂದಿನ ವರ್ಷದ ಬಿಲ್ಲಿನಲ್ಲಿ ಕಳೆಯಿತು. ಅದಕ್ಕೂ ಹಿಂದಿನ ವರ್ಷಗಳದ್ದು ಮಾತ್ರ ಬರಲಿಲ್ಲ. ಆ ಅವಧಿ ಮುಗಿದು ಹೋಗಿತ್ತು, ನಾನು ನೋಟಿಸ್ ಓದದೆ ಸುಮ್ನೆ ಕಟ್ಟುತ್ತಾ ಬಂದಿದ್ದೆ.

ಅಳೆಯುವಾಗ ನಿಮಗೆ ವಿರುದ್ಧವಾದದ್ದೂ ಸಿಗಬಹುದು. ಹಿಂದಿನವರು ಹೇಳದೆ ಕಟ್ಟಿದ ಮೇಲಿನ ಕೋಣೆ ದಾಖಲೆಯಲ್ಲೇ ಇಲ್ಲದಿದ್ದರೆ, ಮರುಪರಿಶೀಲನೆ ಕೇಳಿದಾಗ ಅದೂ ಹೊರಗೆ ಬರುತ್ತದೆ, ತೆರಿಗೆ ಏರುತ್ತದೆ. ಮುಚ್ಚಿಡಿ ಅಂತ ನಾನು ಹೇಳಲ್ಲ. ಗೊತ್ತಿದ್ದೇ ಹೋಗಿ.

ಹೊಸದಾಗಿ ಕೊಂಡಿರುವುದರಿಂದ ಇನ್ನೊಂದು ಮಾತು. ಮನೆ ತೆರಿಗೆಯ ಬಾಕಿ ಸಾಮಾನ್ಯವಾಗಿ ಹಳೆಯ ಮಾಲೀಕರ ಹಿಂದೆ ಹೋಗುವುದಿಲ್ಲ, ಮನೆಗೇ ಅಂಟಿಕೊಳ್ಳುತ್ತದೆ. ನೋಟಿಸಿನ ಮೊತ್ತದಲ್ಲಿ "ಹಿಂದಿನ ಬಾಕಿ" ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ ನಿಮ್ಮ "ಜಾಸ್ತಿ" ಅಲ್ಲೇ ಅಡಗಿರಬಹುದು. ಆಗ ಕಚೇರಿಯ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ, ಮಾರಾಟದ ಕರಾರು ತೆಗೆದು ಮಾರಿದವರನ್ನು ಕೇಳಬೇಕು. ಸಾಲ ಇದ್ದರೆ ಕಂತಿನ ಜೊತೆ ತೆರಿಗೆಯನ್ನೂ ಸಾಲ ಕೊಟ್ಟವರೇ ಹಿಡಿದು ಕಟ್ಟುತ್ತಾರಾ ಅಂತಲೂ ಕೇಳಿಕೊಳ್ಳಿ. ಅವರು ಕಟ್ಟುತ್ತಾರೆ ಅಂತ ನೀವು, ನೀವು ಕಟ್ಟುತ್ತೀರಿ ಅಂತ ಅವರು ಕೂತರೆ ದಂಡ ಬೀಳುವುದು ನಿಮಗೇ. ರಸೀದಿ ಬಂದ ಮೇಲೆ ಆಸ್ತಿ ಸಂಖ್ಯೆ, ವರ್ಷ, ಹೆಸರು ಮೂರೂ ನೋಡಿ. ಒಂದು ಅಂಕಿ ತಪ್ಪಿ ಬೇರೆಯವರ ಮನೆ ತೆರಿಗೆ ಕಟ್ಟಿದರೆ, ಅದನ್ನು ವಾಪಸ್ ತರಿಸುವುದು ಕಟ್ಟಿದಷ್ಟು ಸುಲಭ ಅಲ್ಲ.

ತಕರಾರಿಗೆ ದಿನಗಳ ಮಿತಿ ಇರುತ್ತದೆ, ಸಾಮಾನ್ಯವಾಗಿ ನೋಟಿಸಿನ ತಾರೀಖಿನಿಂದ ಅಥವಾ ಅದು ಕೈಸೇರಿದ ದಿನದಿಂದ ಎಣಿಸುತ್ತಾರೆ. ನಿಮ್ಮದರಲ್ಲಿ ಯಾವ ತಾರೀಖು ಇದೆ, "ಹಿಂದಿನ ಬಾಕಿ" ಸಾಲಿನಲ್ಲಿ ಏನಾದರೂ ಇದೆಯಾ, ಇಷ್ಟು ಬರೆಯಿರಿ. ಅರ್ಜಿಯಲ್ಲಿ ಯಾವುದನ್ನು ಮೊದಲು ಹೇಳಬೇಕು ಅಂತ ಆಮೇಲೆ ನೋಡೋಣ.