ಕೈ ಬಿಟ್ಟರೆ ಪೈಲಟ್ ಆರುತ್ತೆ, ಏನು ಮಾಡೋದು?

ಪ್ರಶ್ನೆ: ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಮ್ಮದೊಂದು ಮಿರ್ಚಿ ಭಜಿ ಅಂಗಡಿ ಇದೆ. ಭಟ್ಟಿ, ಬಾಣಲೆ ಬದಿಗಿಟ್ಟು ಹೈದರಾಬಾದಿನಿಂದ ಒಂದು ಹಳೇ ಗ್ಯಾಸ್ ಫ್ರೈಯರ್ ತಂದಿದ್ದೇವೆ. ಅದಕ್ಕೆ ಕರೆಂಟಿನ ವೈರೇ ಇಲ್ಲ, ಆದರೂ ಬರ್ನರ್ ತಾನಾಗಿ ಆರುತ್ತೆ, ತಾನಾಗಿ ಹತ್ತುತ್ತೆ. ಹೋದ ವಾರದಿಂದ ಪೈಲಟ್, ಅಂದರೆ ಬರ್ನರ್ ಹೊತ್ತಿಸೋಕೆ ಸದಾ ಉರಿಯೋ ಸಣ್ಣ ಉರಿ, ಉಳೀತಿರಲಿಲ್ಲ. ನಾಬ್ ಒತ್ತಿ ಹಿಡಿದಷ್ಟು ಹೊತ್ತು ಉರಿಯೋದು, ಕೈ ಬಿಟ್ಟರೆ ಆರೋದು. ಮೆಕ್ಯಾನಿಕ್ ಬಂದು ಒಂದು ಸ್ವಿಚ್ಚಿನ ಎರಡು ವೈರ್ ಬಿಚ್ಚಿ ಒಂದಕ್ಕೊಂದು ಸೇರಿಸಿದ. ಈಗ ಚೆನ್ನಾಗಿ ನಡೀತಿದೆ. ಹೀಗೇ ಬಿಡಬಹುದಾ?
— ಭಜಿ ಅಂಗಡಿಯವರು, ಕಲಬುರಗಿ

ಉತ್ತರ: ಬಿಡಬೇಡಿ ಸರ್. ಇದನ್ನು ಓದಿದ ಕೂಡಲೇ ಫ್ರೈಯರ್ ಆರಿಸಿ, ಸಿಲಿಂಡರ್ ಬಂದ್ ಮಾಡಿ. ಇವತ್ತಿನ ಭಜಿ ಹಳೇ ಬಾಣಲೆಯಲ್ಲೇ ಕರೀರಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಕರೆಂಟ್ ಇಲ್ಲ ಅಂದಿರಲ್ಲ, ಇದೆ. ಫ್ರೈಯರೇ ಅದನ್ನು ಹುಟ್ಟಿಸಿಕೊಳ್ಳುತ್ತೆ. ಪೈಲಟ್ ಉರಿಯ ಒಳಗೆ ತುದಿ ಚಾಚಿಕೊಂಡು ಒಂದು ಲೋಹದ ಕಡ್ಡಿ ಕೂತಿರುತ್ತೆ, ಅದೇ ಥರ್ಮೋಪೈಲ್. ಎರಡು ಬೇರೆ ಬೇರೆ ಲೋಹದ ತಂತಿ ಸೇರಿಸಿ ಒಂದು ತುದಿ ಕಾಯಿಸಿದರೆ ಚೂರು ವೋಲ್ಟೇಜ್ ಹುಟ್ಟುತ್ತೆ. ಒಂದು ಜೋಡಿಗೆ ಬರೋದು ಸುಮಾರು 30 ಮಿಲಿವೋಲ್ಟ್ ಅಷ್ಟೇ. ಅಂಥ ಹಲವು ಜೋಡಿಗಳನ್ನು ಸಾಲಾಗಿ ಕಟ್ಟಿದರೆ 500ರಿಂದ 750 ಮಿಲಿವೋಲ್ಟ್, ಅಂದರೆ ಒಂದು ಪೆನ್ಸಿಲ್ ಸೆಲ್ಲಿನ ಅರ್ಧದಷ್ಟು ಸಿಗುತ್ತೆ. ಗ್ಯಾಸ್ ವಾಲ್ವಿನ ಒಳಗಿರೋ ಕಾಯಿಲ್, ಅಂದರೆ ತಂತಿ ಸುರುಳಿ, ವಾಲ್ವನ್ನು ತೆರೆದು ಹಿಡಿಯೋಕೆ ಅಷ್ಟು ಸಾಕು. ಕಡ್ಡಿ ಕಾಯೋ ತನಕ ನಾವು ನಾಬ್ ಒತ್ತಿ ಹಿಡಿಯಬೇಕು, ಅರ್ಧ ನಿಮಿಷದಿಂದ ಒಂದು ನಿಮಿಷ. ಆಮೇಲೆ ಅದೇ ಹಿಡಿದುಕೊಳ್ಳುತ್ತೆ. ಗಾಳಿಗೆ ಪೈಲಟ್ ಆರಿತು ಅನ್ನಿ, ಕಡ್ಡಿ ತಣ್ಣಗಾಗುತ್ತೆ, ಕಾಯಿಲ್ ಸಡಿಲ ಬಿಡುತ್ತೆ, ಸ್ಪ್ರಿಂಗ್ ವಾಲ್ವನ್ನು ಮುಚ್ಚಿಬಿಡುತ್ತೆ. ಗ್ಯಾಸ್ ಸುಮ್ನೆ ಹೊರಗೆ ಹರಿಯುತ್ತಲೇ ಇರೋ ಮಾತಿಲ್ಲ.

ಇನ್ನು ಬರ್ನರ್ ಹತ್ತಿ ಆರೋ ಆಟ. ಅದು ಥರ್ಮೋಸ್ಟಾಟ್ ಕೆಲಸ. ಎಣ್ಣೆಯಲ್ಲಿ ಮುಳುಗಿರೋ ಒಂದು ಬಲ್ಬ್ (ದೀಪವಲ್ಲ, ಮುಚ್ಚಿದ ಲೋಹದ ನಳಿಗೆ), ಅದರೊಳಗೆ ದ್ರವ, ಅಲ್ಲಿಂದ ಕೂದಲಿನಷ್ಟು ಸಣ್ಣ ತೂತಿನ ಪೈಪು. ಎಣ್ಣೆ ನೀವು ಇಟ್ಟ 175 ಡಿಗ್ರಿಗೆ ಬಂದಾಗ ದ್ರವ ಹಿಗ್ಗಿ ಸ್ವಿಚ್ಚಿನ ಕಾಂಟ್ಯಾಕ್ಟ್ ಬಿಡಿಸುತ್ತೆ. ದೊಡ್ಡ ಬರ್ನರ್ ಆರುತ್ತೆ, ಪೈಲಟ್ ಉಳಿಯುತ್ತೆ. ಒಂದು ಸಲದ ಭಜಿ ಬಿಟ್ಟರೆ ಎಣ್ಣೆ ತಣಿದು ಮತ್ತೆ ಹತ್ತುತ್ತೆ.

ಈಗ ನಿಮ್ಮ ಮೆಕ್ಯಾನಿಕ್ ತೆಗೆದ ಸ್ವಿಚ್ಚಿಗೆ ಬರೋಣ. ನೀವು ಹೇಳಿದ್ದು ನೋಡಿದರೆ ಅದು ಹೈ ಲಿಮಿಟ್. ಅದಕ್ಕೆ ಬೇರೆಯದೇ ಬಲ್ಬ್ ಇರುತ್ತೆ. ಎಣ್ಣೆ ಸುಮಾರು 220, 230 ಡಿಗ್ರಿ ದಾಟಿದರೆ ಥರ್ಮೋಪೈಲಿನ ಲೈನನ್ನೇ ಕತ್ತರಿಸುತ್ತೆ, ಬರ್ನರ್ ಜೊತೆ ಪೈಲಟ್ ಕೂಡ ಹೋಗುತ್ತೆ. ಎಣ್ಣೆ ಆರಿದ ಮೇಲೆ, ಬಹಳಷ್ಟು ಫ್ರೈಯರ್‌ಗಳಲ್ಲಿ, ಒಂದು ಸಣ್ಣ ಬಟನ್ ಒತ್ತಿದರೇನೇ ಮತ್ತೆ ಹತ್ತೋದು. ಥರ್ಮೋಸ್ಟಾಟ್ ಕೆಡೋದು ಹೇಗೆ ಗೊತ್ತಾ? ಕಾಂಟ್ಯಾಕ್ಟ್ ಅಂಟಿಕೊಂಡುಬಿಡುತ್ತೆ, ಇಲ್ಲಾ ಆ ಸಣ್ಣ ಪೈಪ್ ಸೀಳಿ ದ್ರವ ಸೋರಿ, ಎಣ್ಣೆ ಇನ್ನೂ ತಣ್ಣಗಿದೆ ಅಂದುಕೊಂಡು ಉರಿಸುತ್ತಲೇ ಇರುತ್ತೆ. 230ರ ಹೊತ್ತಿಗೆ ಹೊಗೆ. 350 ದಾಟಿದರೆ ಬೆಂಕಿಕಡ್ಡಿ ಗೀರದೆಯೂ ಎಣ್ಣೆ ತಾನಾಗಿ ಹೊತ್ತಿಕೊಳ್ಳಬಹುದು. ನಡುವೆ ನಿಂತು ತಡೆಯೋದು ಹೈ ಲಿಮಿಟ್ ಒಂದೇ. ಅದನ್ನೇ ಎರಡು ವೈರ್ ಸುತ್ತಿ ಮುಗಿಸಿದ್ದಾರೆ.

ಇನ್ನೊಂದು ಸಂಗತಿ ನನ್ನನ್ನು ಜಾಸ್ತಿ ಕಾಡ್ತಿದೆ. ಹೈ ಲಿಮಿಟ್ ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡಿ ಲೈನ್ ಕತ್ತರಿಸಿತ್ತು ಅಂತಾದರೆ? ಹಾಗಿದ್ದರೆ ನಿಜವಾಗಿ ಕೆಟ್ಟಿರೋದು ಥರ್ಮೋಸ್ಟಾಟ್. ಅದನ್ನು ಹಾಗೇ ಬಿಟ್ಟು ಕಾವಲುಗಾರನನ್ನು ಮನೆಗೆ ಕಳಿಸಿದಂತಾಯಿತು. ಎಣ್ಣೆಗೆ ಬೇರೆ ಥರ್ಮಾಮೀಟರ್ ಇಳಿಬಿಟ್ಟು ಹತ್ತಿರವೇ ನಿಂತು ನೋಡಿಸಿ, ಇಟ್ಟ ಡಿಗ್ರಿಗೆ ಬರ್ನರ್ ಆರುತ್ತೋ ಇಲ್ಲವೋ ಅಂತ.

ಅದು ಸರಿ ಇದ್ದರೆ ಉಳಿದವನ್ನು ಹುಡುಕಬೇಕು. ವಾಲ್ವಿನ ಸ್ಕ್ರೂ ಹತ್ತಿರ ವೈರಿನ ತುದಿ ನೋಡಿ. ಕಡ್ಲಿ ಹಿಟ್ಟು, ಎಣ್ಣೆ ಜಿಡ್ಡು ಸೇರಿ ಕಂದು ಬಣ್ಣದ ಪದರ ಕಟ್ಟಿರುತ್ತೆ, ಅದರಡಿ ಹಸಿರು ಕಿಲುಬು. 230 ವೋಲ್ಟ್ ಆಗಿದ್ದರೆ ಅದನ್ನು ದಾಟಿ ಹೋದೀತು, ಅರ್ಧ ವೋಲ್ಟಿಗೆ ಅದೇ ಗೋಡೆ. ಉಜ್ಜಿ ಬಿಗಿ ಮಾಡಿಸಿ. ಪೈಲಟ್ ಉರಿ ಕಡ್ಡಿಯ ತುದಿಯನ್ನು ಪೂರ್ತಿ ಸುತ್ತುವರಿದಿರಬೇಕು, ಕಟ್ಟಿಕೊಂಡ ಜೆಟ್ಟಿನಿಂದ (ಗ್ಯಾಸ್ ಚಿಮ್ಮೋ ಸಣ್ಣ ಮೂತಿ) ಬರೋ ಸೊರಗಿದ ಹಳದಿ ಉರಿ ಸಾಲದು. ಆಮೇಲೆ ಮಲ್ಟಿಮೀಟರ್. ಥರ್ಮೋಪೈಲಿನ ವೈರ್ ಬಿಚ್ಚಿ, ನಾಬ್ ಒತ್ತಿ ಹಿಡಿದು ಕಡ್ಡಿ ಚೆನ್ನಾಗಿ ಕಾದ ಮೇಲೆ ನೋಡಿದರೆ 500 ಮಿಲಿವೋಲ್ಟ್ ಮೇಲೆ ತೋರಿಸಬೇಕು. 300ರ ಹತ್ತಿರವೇ ಒದ್ದಾಡುತ್ತಿದ್ದರೆ ಹೊಸದು ಹಾಕಿಸಿ.

ಕೇಳದೆಯೇ ಒಂದು ಮಾತು. ಭಟ್ಟಿಗೆ ಹಾಕಿದ್ದ ಹೈ ಪ್ರೆಶರ್ ರೆಗ್ಯುಲೇಟರನ್ನೇ ಇದಕ್ಕೂ ಜೋಡಿಸಿಲ್ಲ ತಾನೇ? ಇಂಥ ವಾಲ್ವು ಸಾಮಾನ್ಯವಾಗಿ 35 ಮಿಲಿಬಾರ್ ಒತ್ತಡ ತಾಳುತ್ತೆ, ಅದಕ್ಕಿಂತ ಜಾಸ್ತಿ ಬಂದರೆ ಒಳಗಿನ ರಬ್ಬರ್ ಪದರ ಹಾಳು. ಯಾವ ಗ್ಯಾಸಿಗೆ ಮಾಡಿದ್ದು ಅಂತ ಫ್ರೈಯರ್ ಒಳಗಿನ ತಗಡಿನ ಪ್ಲೇಟ್ ಕೂಡ ಓದಿ. ಪೈಪ್ ಗ್ಯಾಸಿಗೆ ಮಾಡಿದ ಫ್ರೈಯರ್ ಆದರೆ ಜೆಟ್ಟಿನ ತೂತು ದೊಡ್ಡದಿರುತ್ತೆ, ಸಿಲಿಂಡರ್ ಗ್ಯಾಸ್ ಅದರಲ್ಲಿ ಮಸಿ ಕಾರುತ್ತೆ. ಜೆಟ್ ಮತ್ತು ವಾಲ್ವಿನ ಸ್ಪ್ರಿಂಗ್ ಎರಡೂ ಬದಲಾಗಬೇಕು.

ಪ್ರಶ್ನೆ: ಚಳಿಗಾಲದ ಬೆಳಗ್ಗೆ ಫ್ರೈಯರ್ ಉರಿ ಕುಗ್ಗುತ್ತೆ, ಸಿಲಿಂಡರ್ ಮೇಲೆ ಮಂಜು ಕಟ್ಟುತ್ತೆ. ಬಿಸಿನೀರಲ್ಲಿ ಇಡಬಹುದಾ?
— ಹೋಟೆಲ್‌ನವರು, ಬೀದರ್

ಉತ್ತರ: ಬೇಡ ಅಣ್ಣಾ. ಅಡ್ಡ ಮಲಗಿಸೋದೂ ಬೇಡ, ದ್ರವವೇ ಪೈಪಿಗೆ ಬರುತ್ತೆ. ಒಳಗಿನ ದ್ರವ ಗ್ಯಾಸ್ ಆಗೋಕೆ ಶಾಖ ಬೇಕು, ಅದನ್ನು ಸಿಲಿಂಡರಿನಿಂದಲೇ ಎಳೆದುಕೊಳ್ಳುತ್ತೆ. ಒಂದೇ ಸಿಲಿಂಡರಿಗೆ ಫ್ರೈಯರ್, ದೋಸೆ ಹಂಚು ಎರಡೂ ಹಾಕಿದ್ದೀರಿ ಅಂತ ಕಾಣುತ್ತೆ. 19 ಕಿಲೋದ ಎರಡು ಸಿಲಿಂಡರನ್ನು ಡೀಲರ್ ಕಡೆಯಿಂದ ಒಂದೇ ಲೈನಿಗೆ ಜೋಡಿಸಿಕೊಳ್ಳಿ. ಮನೆಯ 14.2 ಕಿಲೋದ್ದು ತರಬೇಡಿ, ವ್ಯಾಪಾರಕ್ಕೆ ಅದನ್ನು ಬಳಸೋದು ಕಾನೂನಿಗೆ ವಿರುದ್ಧ. ಗ್ಯಾಸ್ ಸೋರಿದರೆ 1906ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಮೆಸ್‌ನಲ್ಲಿ ಡಾಲ್ಡಾ ಗಡ್ಡೆ ಹಾಕಿ ಫ್ರೈಯರ್ ಹಚ್ಚಿದರೆ ಕರಗೋ ಮೊದಲೇ ಹೊಗೆ ಬರುತ್ತೆ. ಯಾಕೆ?
— ಮೆಸ್ ನಡೆಸುವ ಅಕ್ಕ, ಯಾದಗಿರಿ

ಉತ್ತರ: ಗಡ್ಡೆ ಮೇಲೆ ಕೂತಿರುತ್ತೆ ಅಕ್ಕಾ, ಕೆಳಗೆ ಬರ್ನರ್ ಪೈಪುಗಳು ಬರಿದಾಗಿ ಕಾಯುತ್ತವೆ. ಥರ್ಮೋಸ್ಟಾಟ್ ಬಲ್ಬಿಗೂ ಏನೂ ತಾಕಿರಲ್ಲ, ಹಾಗಾಗಿ ಉರಿ ನಿಲ್ಲಿಸೋರೇ ಇಲ್ಲ. ಒಲೆ ಮೇಲೆ ಪಾತ್ರೆಯಲ್ಲಿ ಕರಗಿಸಿ ಸುರಿಯಿರಿ, ಪೈಪುಗಳು ಮುಳುಗಿ ಗುರುತಿನ ಗೆರೆ ಮುಟ್ಟಿದ ಮೇಲೆ ಹಚ್ಚಿ.