ಬಾವಲಿ ದಾರಿಯ ಅಂಗಡಿಗಳಲ್ಲಿ ಸ್ಕ್ಯಾನರ್ ಯಾಕೆ ಒಳಗಿರುತ್ತೆ?

ಎಚ್.ಡಿ. ಕೋಟೆ ಕಡೆ ಟೀ ಅಂಗಡಿಯವರು ಫೋನ್‌ಪೇ ಅಂದ ಕೂಡಲೇ ಮುಖ ಸಿಂಡರಿಸುತ್ತಾರೆ, ಯಾಕೆ ಅಂತ ಕೇಳಿದ್ದೀರಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ ಹಿಡಿದ ಭಯ ಇದು. ನಮ್ಮ ಮೈಸೂರಿನವರೇ ಆದ ಸಿದ್ದರಾಮಯ್ಯನವರು, ಜಿಎಸ್‌ಟಿ ನೋಂದಣಿ ಮಾಡಿಸಿದರೆ ಹಳೇ ಬಾಕಿ ಕೇಳಲ್ಲ ಎಂದರು. ಆದರೂ ಸ್ಕ್ಯಾನರ್ ಒಳಗೆ ಹೋದದ್ದು ಹೋಯಿತು.

ಸುಮ್ನೆ ಹೆದರಿಕೆ ಅದು. ಜಿಎಸ್‌ಟಿ ನೋಂದಣಿ ಇಲ್ಲದೆ ವ್ಯಾಪಾರ ಮಾಡಲು, ಸಾಮಾನು ಮಾರುವವರಿಗೆ ವಹಿವಾಟಿನ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ನಗದೂ ಇದರಲ್ಲೇ ಸೇರುತ್ತೆ. ಸ್ಕ್ಯಾನರ್ ಬಚ್ಚಿಟ್ಟರೆ ವಹಿವಾಟೇನೂ ಕಮ್ಮಿ ಆಗಲ್ಲ. ಬರೀ ಹಾಲು, ತರಕಾರಿ ಮಾರುವವರು ಮಿತಿ ದಾಟಿದರೂ ನೋಂದಣಿ ಬೇಕಿಲ್ಲ. ಆದರೆ ಅದೇ ಅಂಗಡಿಯಲ್ಲಿ ಬೀಡಿ, ಜ್ಯೂಸ್ ಬಾಟಲಿ ಇಟ್ಟರೋ, ಮಿತಿ ನೋಡುವಾಗ ಹಾಲು ತರಕಾರಿಯ ದುಡ್ಡೂ ಲೆಕ್ಕಕ್ಕೆ ಬರುತ್ತೆ. ತೆರಿಗೆ ಮಾತ್ರ ಬೀಡಿ, ಜ್ಯೂಸಿಗಷ್ಟೇ. ಇದನ್ನು ಯಾರೂ ಅಂಗಡಿಯವರಿಗೆ ಬಿಡಿಸಿ ಹೇಳಿಲ್ಲ.

ನಮ್ಮ ಕಡೆಯ ನಿಜವಾದ ತೊಡಕು ಬೇರೆ. ಹ್ಯಾಂಡ್‌ಪೋಸ್ಟ್ ದಾಟಿದರೆ ಬಾವಲಿ, ಆಚೆ ಕೇರಳ. ಶುಂಠಿ ಬೆಳೆಯಲು ಅಲ್ಲಿಂದ ಬಂದು ಇಲ್ಲಿ ಜಮೀನು ಗುತ್ತಿಗೆ ಹಿಡಿಯುವವರು ಬೇಕಾದಷ್ಟಿದ್ದಾರೆ. ಹಸಿ ಶುಂಠಿಗೆ ತೆರಿಗೆ ಇಲ್ಲ, ಅದನ್ನೇ ಒಣಗಿಸಿದರೆ 5% ಇದೆ. ತೆರಿಗೆ ಇರುವ ಸಾಮಾನನ್ನು ಗಡಿಯಾಚೆ ಕಳಿಸುವ ವ್ಯಾಪಾರಿಗೆ 40 ಲಕ್ಷದ ರಿಯಾಯಿತಿ ಸಿಗಲ್ಲ. ಮೊದಲ ಮಾರಾಟಕ್ಕೇ ನೋಂದಣಿ ಬೇಕು. ವಹಿವಾಟಿನ 1% ಕಟ್ಟಿ ನೆಮ್ಮದಿಯಾಗಿರೋಣ ಅಂತ ಕಾಂಪೊಸಿಷನ್‌ಗೆ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಯೋಜನೆ) ಸೇರಿದವರಂತೂ ಹೊರರಾಜ್ಯಕ್ಕೆ ಮಾರುವ ಹಾಗೇ ಇಲ್ಲ.

ಹಾರ್ಡ್‌ವೇರ್ ಅಂಗಡಿ ತೆಗೆದುಕೊಳ್ಳಿ. ಕೇರಳದ ಮಾನಂದವಾಡಿಯ ಗಿರಾಕಿ ಮನೆಗೆಂದು ಪೈಪು ಕೊಂಡು ಜೀಪಿಗೆ ಹೇರಿಕೊಂಡು ಹೋದ. ಬಿಲ್ಲಿನಲ್ಲಿ ವಿಳಾಸ ಇಲ್ಲದಿದ್ದರೆ ಅದು ಇಲ್ಲಿನ ವ್ಯಾಪಾರ. 'ಅಣ್ಣಾ, ನಮ್ಮೂರ ಹೆಸರು ಹಾಕಿ' ಅಂತ ಅವನು ಬರೆಸಿಕೊಂಡನೋ, ಹೊರರಾಜ್ಯದ ಮಾರಾಟ ಆಯಿತು. ಕೌಂಟರ್‌ನಲ್ಲಿ ಕೂತ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು, ಹೇಳಿ?

ಚೆಕ್‌ಪೋಸ್ಟ್‌ನಲ್ಲಿ ಲಾರಿ ನಿಲ್ಲಿಸಿ ತೆರಿಗೆ ಕೇಳುವ ಕಾಲ 2017ಕ್ಕೇ ಮುಗಿಯಿತು. ಈಗ ಅಲ್ಲಿ ಅರಣ್ಯದವರ ಗೇಟು ಸಂಜೆ 6ಕ್ಕೆ ಮುಚ್ಚುತ್ತೆ, ಅಷ್ಟೇ. ಲೆಕ್ಕ ಕೇಳುವವರು ಕಂಪ್ಯೂಟರ್ ಮುಂದೆ ಕೂತಿದ್ದಾರೆ.

ನೋಟಿಸ್ ಬಂದರೆ ಸುಮ್ಮನಿರಬೇಡಿ, ಇದು ನನ್ನ ಖಡಾಖಂಡಿತ ಮಾತು. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ. ಚೀಟಿ ದುಡ್ಡು, ಭಾವಮೈದುನ ವಾಪಸ್ ಕೊಟ್ಟ ಕೈಸಾಲ, ಎಲ್ಲ ಅದೇ ನಂಬರಿಗೆ ಬಂದಿರುತ್ತೆ. ಸ್ಟೇಟ್‌ಮೆಂಟ್ ತೆಗೆಸಿ ಸಾಲು ಸಾಲಾಗಿ ಗುರುತು ಹಾಕಿ ಉತ್ತರ ಕೊಡಿ. ಕೊಡದೆ ಆದೇಶ ಆಗಿಬಿಟ್ಟರೆ ಮೇಲ್ಮನವಿಗೆ 3 ತಿಂಗಳು ಟೈಮು. ತಕರಾರಿರುವ ತೆರಿಗೆಯ 10% ಮೊದಲೇ ಕಟ್ಟಬೇಕು. ನೋಟಿಸಿಗೆ ಉತ್ತರ ಬರೆಯಲು ಒಂದು ಪೈಸೆನೂ ಕಟ್ಟಬೇಕಿಲ್ಲ.