ಸರ್ಫೇಸ್ ಎಂಜಿನಿಯರಿಂಗ್ ಕಲಿತರೆ ಮುಂದೆ ಉಪಯೋಗ ಇದೆಯಾ?

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದಿದೆ, ಸರ್ಫೇಸ್ ಎಂಜಿನಿಯರಿಂಗ್‌ಗೆ, ಅಂದರೆ ಭಾಗದ ಮೇಲ್ಮೈ ಸವೆಯದಂತೆ, ತುಕ್ಕು ಹಿಡಿಯದಂತೆ ಮಾಡುವ ವಿದ್ಯೆಗೆ, ಭವಿಷ್ಯ ಇದೆಯಾ, ಅದರಿಂದ ನಿಜವಾಗಿ ಲೋಹ ಉಳಿಯುತ್ತಾ ಅಥವಾ ಸುಮ್ನೆ ದೊಡ್ಡ ಹೆಸರಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಸವೆದ ಮಷಿನ್ ಭಾಗಗಳಿಗೆ ಹಾರ್ಡ್‌ಫೇಸಿಂಗ್ (ಮೇಲೆ ಗಟ್ಟಿ ಲೋಹದ ಪದರ ವೆಲ್ಡ್ ಮಾಡುವುದು) ಮಾಡುವವನು. ಉಳಿಯುತ್ತದೆ, ಕೆಲಸವೂ ಸಿಗುತ್ತದೆ.

ನಮ್ಮ ಸೇಡಂ, ವಾಡಿ, ಮಳಖೇಡ ಕಡೆಯ ಸಿಮೆಂಟ್ ಫ್ಯಾಕ್ಟರಿಗಳನ್ನೇ ನೋಡಿ. ಕಲ್ಲು ಅರೆಯುವ ವರ್ಟಿಕಲ್ ಮಿಲ್ಲಿನ ಒಂದೊಂದು ರೋಲರ್ ಟನ್‌ಗಟ್ಟಲೆ ತೂಕ. ಸುಣ್ಣದಕಲ್ಲು ಅಷ್ಟೇನೂ ಗಟ್ಟಿ ಅಲ್ಲ, ಅದರ ಜೊತೆ ಬರುವ ಸಿಲಿಕಾ ರೋಲರನ್ನು ತಿನ್ನುತ್ತದೆ. ತಿಂದರೂ ಮೇಲ್ಭಾಗವನ್ನಷ್ಟೇ, ಒಳಗಿನ ಲೋಹ ಹಾಗೇ ಇರುತ್ತದೆ. ಅದನ್ನು ಗುಜರಿಗೆ ಹಾಕಿದರೆ ಅಷ್ಟನ್ನೂ ಮತ್ತೆ ಕರಗಿಸಿ ಎರಕ ಹೊಯ್ಯಬೇಕು. ಅದರ ಬದಲು ಸವೆದ ಜಾಗಕ್ಕೆ ಕ್ರೋಮಿಯಂ ಕಾರ್ಬೈಡ್ ವೈರ್‌ನಿಂದ ಸಾಲು ಸಾಲಾಗಿ ವೆಲ್ಡ್ ತುಂಬುತ್ತೇವೆ. ಆರುವಾಗ ಟಕ್ ಟಕ್ ಅಂತ ಸದ್ದಾಗಿ ವೆಲ್ಡಿನ ಅಡ್ಡಕ್ಕೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಹೊಸ ಹುಡುಗರು ಗಾಬರಿ ಬೀಳುತ್ತಾರೆ. ಬಿಡಲೇಬೇಕು, ಒಳಗಿನ ಬಿಗಿತ ಸಡಿಲವಾಗುವುದೇ ಹಾಗೆ. ಬಿರುಕು ಕೆಳಗಿನ ಎರಕಕ್ಕೆ ಇಳಿದರೆ ಮಾತ್ರ ಕಷ್ಟ, ಮಿಲ್ ಓಡುವಾಗಲೇ ಚಕ್ಕೆ ಏಳುತ್ತದೆ. ಹಾಗಾಗಿ ಒಂದೇ ರೋಲರನ್ನು ಎಷ್ಟು ಸಲ ಬೇಕಾದರೂ ತುಂಬಬಹುದು ಅನ್ನುವವರನ್ನು ನಂಬಬೇಡಿ.

ದಾಲ್ ಮಿಲ್ಲಿನವರೂ ಅಷ್ಟೇ, ತೊಗರಿ ಸಿಪ್ಪೆ ತೆಗೆಯುವ ಎಮರಿ (ಉಜ್ಜುವ ಗಟ್ಟಿ ಕಲ್ಲುಪುಡಿ) ರೋಲ್ ಸವೆದರೆ ಎಸೆಯುವುದಿಲ್ಲ, ಮತ್ತೆ ಎಮರಿ ಹಚ್ಚಿಸುತ್ತಾರೆ.

ಮುಂದಿನ ಮಾತಿಗೆ ಬಂದರೆ, ಇಂಗಾಲ ಇಳಿಸಬೇಕು ಅಂತ ಸಿಮೆಂಟಿನಲ್ಲಿ ಕ್ಲಿಂಕರ್ (ಗೂಡಿನಲ್ಲಿ ಸುಟ್ಟು ಮಾಡಿದ ಗಟ್ಟಿ ಉಂಡೆ) ಕಡಿಮೆ ಮಾಡಿ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಲೋಹ ಕರಗಿಸಿದಾಗ ಉಳಿಯುವ ಕಿಟ್ಟ), ಹಾರುಬೂದಿ ಸೇರಿಸುತ್ತಿದ್ದಾರೆ. ಸ್ಲ್ಯಾಗ್ ಅರೆಯುವುದು ಕ್ಲಿಂಕರ್‌ಗಿಂತ ಕಷ್ಟ, ರೋಲರನ್ನೂ ಜಾಸ್ತಿ ತಿನ್ನುತ್ತದೆ. ಸ್ಲ್ಯಾಗ್‌ನಿಂದ ಸಿಮೆಂಟ್ ಹಸಿರಾದಷ್ಟೂ ಸವೆತ ಹೆಚ್ಚು, ನಮಗೆ ಕೆಲಸವೂ ಹೆಚ್ಚು! 2017ರಲ್ಲಿ ಹೋಲ್ಮ್‌ಬರ್ಗ್ ಮತ್ತು ಎರ್ಡೆಮಿರ್ ಅನ್ನುವ ಘರ್ಷಣೆ-ಸವೆತದ ಸಂಶೋಧಕರು ಒಂದು ಲೆಕ್ಕ ಹಾಕಿದ್ದರು. ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು 23% ಒಂದಕ್ಕೊಂದು ಉಜ್ಜುವ ಭಾಗಗಳಿಗೇ ಹೋಗುತ್ತದೆ. ಆ 23ರಲ್ಲಿ 20 ಬರೀ ಘರ್ಷಣೆಗೆ, 3 ಸವೆದದ್ದನ್ನು ಮತ್ತೆ ಮಾಡುವುದಕ್ಕೆ.

ಆದರೆ ಲೇಪ ಅಂದ ತಕ್ಷಣ ಪರಿಸರಕ್ಕೆ ಒಳ್ಳೆಯದು ಅಂತಲ್ಲ. ಹೈಡ್ರಾಲಿಕ್ ರಾಡ್‌ಗೆ ಮಾಡುವ ಹಾರ್ಡ್ ಕ್ರೋಮ್ ಪ್ಲೇಟಿಂಗ್ (ದ್ರವದಲ್ಲಿ ಮುಳುಗಿಸಿ ಕರೆಂಟಿನಿಂದ ಕ್ರೋಮಿಯಂ ಪದರ ಕೂರಿಸುವುದು) ತೊಟ್ಟಿಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ. ವಿಮಾನದ ಲ್ಯಾಂಡಿಂಗ್ ಗೇರ್‌ನಲ್ಲಿ ಅದರ ಬದಲು ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಬಿಸಿ ಅನಿಲದ ವೇಗದಲ್ಲಿ ಸಿಂಪಡಿಸುವ ಪದ್ಧತಿ ಬಂದಿದೆ, ಸರಿ, ಆದರೆ ಅದಕ್ಕೆ ಕೋಬಾಲ್ಟ್ ಬೇಕು, ಅದೇನು ಹೊಲದಲ್ಲಿ ಬೆಳೆಯುತ್ತಾ? ಸತು ಹಚ್ಚಿದ ತಗಡು ವರ್ಷಗಟ್ಟಲೆ ತುಕ್ಕು ತಡೆಯುತ್ತದೆ, ಕೊನೆಗೆ ಕುಲುಮೆಗೆ ಹೋದಾಗ ಆ ಸತು ಹೊಗೆಯಾಗಿ ಎದ್ದು ದೂಳಲ್ಲಿ ಸೇರುತ್ತದೆ, ಅದನ್ನು ಬೇರೆಯಾಗಿ ಹಿಡಿಯಬೇಕು. ಲೇಪ ಹಚ್ಚುವುದನ್ನು ಎಲ್ಲರೂ ಕಲಿಸುತ್ತಾರೆ, ಹಚ್ಚಿದ್ದನ್ನು ಬಿಡಿಸುವುದನ್ನು ಕಲಿಸುವವರು ಕಡಿಮೆ. ಮುಂದೆ ಬೆಲೆ ಬರುವುದು ಬಿಡಿಸಲು ಬಲ್ಲವರಿಗೇ ಅಂತ ನನ್ನ ಅನಿಸಿಕೆ.

ಕಲಿಯುವುದಾದರೆ ವೆಲ್ಡಿಂಗ್ ಮೆಟಲರ್ಜಿಯಿಂದ (ವೆಲ್ಡ್ ಮಾಡುವಾಗ ಲೋಹದ ಒಳಗೆ ಏನಾಗುತ್ತದೆ ಅನ್ನುವ ಪಾಠ) ಶುರು ಮಾಡಿ, ಲೇಸರ್ ಕ್ಲ್ಯಾಡಿಂಗ್ (ಲೇಸರ್‌ನಿಂದ ಲೋಹ ಕರಗಿಸಿ ಪದರ ಹಚ್ಚುವುದು) ಆಮೇಲೆ. ಇನ್ನೊಂದು ಮಾತು, ನಮ್ಮ ಹಾರ್ಡ್‌ಫೇಸಿಂಗ್ ಹೊಗೆಯಲ್ಲೂ ಅದೇ ಕೆಟ್ಟ ಕ್ರೋಮಿಯಂ ಇರುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಲ್ಲಬೇಡಿ, ಫಿಲ್ಟರ್ ಇರುವ ಮಾಸ್ಕ್ ಕೊಡದಿದ್ದರೆ ಆ ಕೆಲಸ ಬೇಡ ಅನ್ನಿ.